ಹದಿನಾರು ಕಿಲೋ ದ್ರಾಕ್ಷಿ

ಫೆಬ್ರವರಿ 3, ಶನಿವಾರ

ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೆಂಡತಿಯನ್ನು ಹತ್ತಿಸಿ ಬಂದೆ. ಇನ್ನು ಹೆರಿಗೆ ಆಗುವವರೆಗೂ ಅವಳು ಮಗಳ ಮನೆಯಲ್ಲೇ. ಮಗಳಿಗೆ ಐದು ತಿಂಗಳಂತೆ. ಐದು ತಿಂಗಳು! ನನಗೆ ಗೊತ್ತಾದದ್ದು ನಿನ್ನೆ ಸಂಜೆ, ಅದೂ ಅಟ್ಟದಿಂದ ಸೂಟ್‌ಕೇಸ್ ಯಾಕೆ ಇಳಿಸುತ್ತಿದ್ದೀಯ ಎಂದು ನಾನಾಗಿ ಕೇಳಿದ್ದಕ್ಕೆ.

"ನನಗೆ ಮೊದಲೇ ಹೇಳಬಾರದಿತ್ತಾ?" ಎಂದೆ.

"ಹೇಳಬೇಡ ಅಂದಿದ್ಲು. ನಿಮ್ಮ ಮಗಳು, ನಿಮ್ಮದೇ ಹಟ. ನನ್ನನ್ನ ಯಾಕೆ ನೋಡ್ತೀರಿ?" ಎಂದಳು.

ಮಗಳು ಮೂರು ಷರತ್ತು ಹಾಕಿದ್ದಾಳೆ. ಅಪ್ಪ ಫೋನ್ ಮಾಡಬಾರದು. ಭಾನುವಾರ ಸಂಜೆ ಅಮ್ಮನೇ ಮಾಡುತ್ತಾಳೆ. ಡಾಕ್ಟರು, ಸ್ಕ್ಯಾನಿಂಗು, ತೂಕ, ಮಾತ್ರೆ ಇವು ಯಾವುದನ್ನೂ ಕೇಳಬಾರದು. ಕರೆಯದೆ ಬರಬಾರದು. ಅಳಿಯ ರೈಲ್ವೆ ಸಿಗ್ನಲ್ ರಿಪೇರಿ ಮಾಡುವವನು, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ, ಅದಕ್ಕೇ ಅಮ್ಮ ಬೇಕು. ಅಪ್ಪ ಬೇಡ.

ಇದೆಲ್ಲ ಕಳೆದ ವರ್ಷದ್ದರ ಫಲ. ಆಗಲೂ ಬಸುರಿಯಾಗಿದ್ದಳು. ಸ್ಕ್ಯಾನಿಂಗ್ ಮಾಡಿದವರು, ಡಾಕ್ಟರು ಸೋಮವಾರ ನೋಡಿ ಹೇಳುತ್ತಾರೆ ಎಂದು ಕಳಿಸಿದ್ದರಂತೆ. ಅವರ ಪುಸ್ತಕದಲ್ಲಿ ಮಗಳ ಹಳೆಯ ವಿಳಾಸವೇ ಇದ್ದದ್ದರಿಂದ ರಿಪೋರ್ಟಿನ ಲಕೋಟೆ ಶನಿವಾರವೇ ಈ ಮನೆಗೆ ಬಂತು. ನಾನು ಒಡೆದು ಓದಿದೆ. ಮಗು ಉಳಿದಿಲ್ಲ ಎಂದಿತ್ತು. ತಡೆಯಲಾರದೆ ನನ್ನ ತಂಗಿಗೆ ಫೋನ್ ಮಾಡಿದೆ. ತಂಗಿ ಸಮಾಧಾನ ಹೇಳಲು ಮಗಳಿಗೆ ಫೋನ್ ಮಾಡಿದಳು. ಮಗಳಿಗೆ ಅಷ್ಟರವರೆಗೆ ಏನೂ ಗೊತ್ತಿರಲಿಲ್ಲ. ಅಷ್ಟೇ ನಡೆದದ್ದು. ತಂಗಿ ಬಾಯಿ ಬಿಡುತ್ತಾಳೆಂದು ನಾನೇನು ಕನಸು ಕಂಡಿದ್ದೆನೇ?

ಮೂವತ್ನಾಲ್ಕು ವರ್ಷ ನಾನು ಸಂಬಳ ಎಣಿಸಿದ್ದೇ ಮುಚ್ಚಳ ತೆಗೆದು ನೋಡುವುದಕ್ಕೆ. ಜಾಮ್ ಕಾರ್ಖಾನೆಯ ಪರೀಕ್ಷಕ. ಇನ್ನೂರು ಬಾಟಲಿಗೆ ಒಂದರಂತೆ ತೆಗೆಯಬೇಕು, ಮೂಸಬೇಕು, ರುಚಿ ನೋಡಬೇಕು, ಬರೆಯಬೇಕು. ನೋಡದೆ ಬಿಟ್ಟರೆ ತಪ್ಪು ನನ್ನದಾಗುತ್ತಿತ್ತು. ಬುಧವಾರ ನಿವೃತ್ತಿಯಾಯಿತು. ಬೀಳ್ಕೊಡುಗೆಗೆ ಒಂದು ಗೋಡೆ ಗಡಿಯಾರ, ಒಂದು ಪೆಟ್ಟಿಗೆ ಕಪ್ಪು ದ್ರಾಕ್ಷಿ ಕೊಟ್ಟರು. ಪೆಟ್ಟಿಗೆಯ ಮೇಲೆ ಹದಿನೇಳು ಕಿಲೋ ಎಂದು ಬರೆದಿದೆ. ತೂಗಿ ನೋಡಿದೆ, ಹದಿನಾರೇ ಇದೆ.

ಫೆಬ್ರವರಿ 5, ಸೋಮವಾರ

ನಿನ್ನೆ ಭಾನುವಾರ. ಫೋನ್ ಬಂತು. "ತಲುಪಿದೆ, ಚೆನ್ನಾಗಿದೀವಿ," ಎಂದು ಇಟ್ಟುಬಿಟ್ಟಳು. ಒಂದು ನಿಮಿಷ ಹತ್ತು ಸೆಕೆಂಡ್.

ದ್ರಾಕ್ಷಿ ಮೆತ್ತಗಾಗುತ್ತಿದೆ. ಒಬ್ಬನೇ ಎಷ್ಟು ತಿನ್ನಲಿ? ನಿನ್ನೆ ತಿಂದದ್ದಕ್ಕೇ ಹೊಟ್ಟೆ ಬುದ್ಧಿ ಕಲಿಸಿದೆ. ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಬೀದಿ ತುದಿಯ ಕನ್ನಡಕದ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ಅವರು ನನ್ನನ್ನು ಇನ್‌ಸ್ಪೆಕ್ಟರ್ ಸಾಹೇಬ್ರು ಎನ್ನುತ್ತಾರೆ. ಅವರು ರಿಪೇರಿ ಮಾಡಿಕೊಟ್ಟ ಕನ್ನಡಕವನ್ನು ನಾನು ಅವರೆದುರಿಗೇ ಇನ್ನೊಮ್ಮೆ ಬಿಚ್ಚಿ ನೋಡುವುದರಿಂದ ಬಂದ ಹೆಸರು.

ದ್ರಾಕ್ಷಿಯ ಸಮಾಚಾರ ಹೇಳಿದೆ. "ವೈನ್ ಮಾಡಿ," ಎಂದರು. "ಇಪ್ಪತ್ತು ವರ್ಷದಿಂದ ಮನೇಲೇ ಮಾಡ್ತಿದೀನಿ. ನಿಮ್ಮಂಥೋರು ಕಲೀಬಹುದು, ಏನೂ ಬ್ರಹ್ಮವಿದ್ಯೆ ಅಲ್ಲ."

"ನನಗೆ ಜಾಮ್ ಗೊತ್ತು ಅಕ್ಕ."

"ಅದೇ ತೊಂದರೆ. ಜಾಮ್ ಆದ್ರೆ ಎದುರಿಗೇ ನಿಂತು ಕೈಯಾಡಿಸ್ತಾ ಇರಬೇಕು. ಇದರಲ್ಲಿ ಅರ್ಧ ಕೆಲಸ ಸುಮ್ನೆ ಕೂತಿರೋದು."

ಕಣ್ಣಿನ ಪರೀಕ್ಷೆಯ ಚೀಟಿಯ ಹಿಂದೆ ನಾನೇ ಬರೆದುಕೊಂಡೆ. ಪಾತ್ರೆ ಗಾಜಿನದೋ ಸ್ಟೀಲಿನದೋ ಆಗಲಿ, ಅಲ್ಯೂಮಿನಿಯಂ, ಕಬ್ಬಿಣ ಬೇಡ. ರಸಕ್ಕೆ ತಾಗುವ ಪ್ರತಿಯೊಂದನ್ನೂ, ಸೌಟನ್ನು ಕೂಡ, ಕುದಿಯುವ ನೀರಿನಲ್ಲಿ ತೊಳೆಯಬೇಕು. ಹೊಸಬರ ವೈನ್ ಕೆಡುವುದು ಹೆಚ್ಚಾಗಿ ಕೊಳೆಯಿಂದ. ಪಾತ್ರೆಯ ಮೂರನೇ ಒಂದು ಭಾಗ ಖಾಲಿ ಬಿಡಬೇಕು, ಉಕ್ಕುತ್ತದೆ. ಬ್ರೆಡ್ಡಿನ ಯೀಸ್ಟ್ ಹಾಕಿದರೆ ಬ್ರೆಡ್ಡಿನ ವಾಸನೆಯೇ ಬರುತ್ತದೆ, ಅದಕ್ಕೆಂದೇ ಇರುವ ಯೀಸ್ಟ್ ಹಾಕಬೇಕು. ಅದರದೊಂದು ಪೊಟ್ಟಣವನ್ನು ಅವರೇ ಗಾಜುಗಳ ಡ್ರಾಯರಿನಿಂದ ತೆಗೆದುಕೊಟ್ಟರು. ಅದರ ಮೇಲಿನ ತಾರೀಖು ನೋಡಿದೆ. ಇನ್ನೂ ಎಂಟು ತಿಂಗಳಿದೆ.

ಫೆಬ್ರವರಿ 6, ಮಂಗಳವಾರ

ಇಡೀ ದಿನ ದ್ರಾಕ್ಷಿ. ತೊಟ್ಟು ಬಿಡಿಸುವುದಕ್ಕೇ ಮೂರು ಗಂಟೆ ಹಿಡಿಯಿತು. ತೊಟ್ಟು ಉಳಿದರೆ ಒಗರು. ಕೊಳೆತವು, ಬೂಸ್ಟು ಹಿಡಿದವು ಸೇರಿ ಒಂದೂಕಾಲು ಕಿಲೋ ತೆಗೆದೆಸೆದೆ. ಮಿಕ್ಸಿಗೆ ಹಾಕಬಾರದು, ಬೀಜ ಒಡೆದು ಕಹಿ ಬಿಡುತ್ತದೆ. ಕೈಯಿಂದಲೇ ಹಿಸುಕಿದೆ. ಮೊಣಕೈವರೆಗೆ ನೇರಳೆ ಬಣ್ಣ. ಅದೇ ಹೊತ್ತಿಗೆ ಗ್ಯಾಸ್ ತಂದವನು ನನ್ನ ಕೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಸಿಹಿ ಅಳೆಯಲು ರಸದಲ್ಲಿ ತೇಲಿಬಿಡುವ ಗಾಜಿನ ಕಡ್ಡಿಯನ್ನು ಅಕ್ಕ ಕೊಟ್ಟಿದ್ದರು. ಕಡಿಮೆ ಇತ್ತು, ಒಂದೂವರೆ ಕಿಲೋ ಸಕ್ಕರೆ ಹಾಕಿದೆ. ಯೀಸ್ಟನ್ನು ನೇರವಾಗಿ ಸುರಿಯಬಾರದು. ಉಗುರುಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ, ಕಾಲು ಗಂಟೆ ಬಿಟ್ಟರೆ ನೊರೆಯೇಳುತ್ತದೆ, ಆಮೇಲೆ ಹಾಕಬೇಕು. ನೀರು ಬಿಸಿಯಾದರೆ ಸಾಯುತ್ತದೆ. ಮುಚ್ಚಳ ಬಿಗಿಯಬಾರದು, ಬಟ್ಟೆ ಕಟ್ಟಿದರೆ ಸಾಕು. ಸಾಯಂಕಾಲ ನಾಲ್ಕಕ್ಕೆ ಎಲ್ಲ ಮುಗಿಯಿತು. ಐದಕ್ಕೆ, ಐದೂವರೆಗೆ, ಆರೂಕಾಲಿಗೆ ನೋಡಿದೆ. ಏನೂ ಆಗಿಲ್ಲ.

ಫೆಬ್ರವರಿ 8, ಗುರುವಾರ

ಕೆಲಸ ಶುರುವಾಗಿದೆ. ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಪದರ ಕಟ್ಟಿದೆ, ಕಿವಿಯಿಟ್ಟರೆ ಸರಸರ ಸದ್ದು. ಆ ಪದರವನ್ನು ದಿನಕ್ಕೆರಡು ಸಲ ಕೆಳಕ್ಕೆ ಒತ್ತಿ ಕಲಕಬೇಕು, ಇಲ್ಲದಿದ್ದರೆ ಒಣಗಿ ಹುಳಿಹಿಡಿಯುತ್ತದೆ. ಎರಡು ಸಲ ಎಂದಿದ್ದಾರೆ. ನಾನು ಇವತ್ತು ಹನ್ನೊಂದು ಸಲ ಕಲಕಿದ್ದೇನೆ. ಹೆಚ್ಚು ನೋಡಿದರೆ ನಷ್ಟವೇನು?

ಫೆಬ್ರವರಿ 11, ಭಾನುವಾರ

"ಹೇಗಿದಾಳೆ?"

"ಚೆನ್ನಾಗಿದಾಳೆ."

"ಚೆನ್ನಾಗಿ ಅಂದ್ರೆ?"

"ಚೆನ್ನಾಗಿ ಅಂದ್ರೆ ಚೆನ್ನಾಗಿ. ಇಲ್ಲಿ ಬಿಸಿಲು ಜಾಸ್ತಿ. ನೀವು ಊಟಕ್ಕೆ ಏನು ಮಾಡ್ಕೊಂಡ್ರಿ?"

ಮೂವತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು ನನಗೆ ಬಿಸಿಲಿನ ವರದಿ ಕೊಡುತ್ತಾಳೆ.

ಫೆಬ್ರವರಿ 13, ಮಂಗಳವಾರ

ಏಳನೇ ದಿನ. ಬಟ್ಟೆಯಲ್ಲಿ ಸೋಸಿದೆವು. ಬಟ್ಟೆ ಹಿಡಿಯಲು ಎರಡು ಕೈ ಸಾಲದೆ ಅಕ್ಕನನ್ನು ಕರೆದಿದ್ದೆ. ಅಂಗಡಿಗೆ ಬೀಗ ಹಾಕಿ ಬಂದರು. ಹಿಂಡಬಾರದಂತೆ, ತಾನಾಗಿ ಇಳಿಯಬೇಕಂತೆ. ನಾನು ಎರಡು ಸಲ ಹಿಂಡಿದೆ, ಎರಡು ಸಲವೂ ಕೈಮೇಲೆ ಹೊಡೆದರು.

ಐದೈದು ಲೀಟರಿನ ಎರಡು ಗಾಜಿನ ಜಾಡಿಗಳು ಕುತ್ತಿಗೆವರೆಗೆ ತುಂಬಿದವು. ಒಂದಕ್ಕೆ 'ಅ', ಒಂದಕ್ಕೆ 'ಆ' ಎಂದು ಚೀಟಿ ಅಂಟಿಸಿದೆ. ಬಾಯಿಗೆ ರಬ್ಬರ್ ಬಿರಡೆ, ಬಿರಡೆಯೊಳಗೆ ಸಣ್ಣ ಕೊಳವೆ, ಕೊಳವೆಯ ಇನ್ನೊಂದು ತುದಿ ನೀರಿನ ಲೋಟದಲ್ಲಿ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ.

"ಇನ್ನು ಒಂದು ತಿಂಗಳು ಇದರ ತಂಟೆಗೆ ಹೋಗಬೇಡಿ," ಎಂದರು ಅಕ್ಕ.

"ಒಳಗೆ ಏನಾಗ್ತಿದೆ ಅಂತ ಗೊತ್ತಾಗೋದು ಹೇಗೆ?"

"ಗುಳ್ಳೆ ಬರ್ತಿದೆಯಲ್ಲ, ಅಷ್ಟು ಸಾಲದಾ?"

ನಿಮಿಷಕ್ಕೆ 'ಅ' ನಲವತ್ತಾರು ಗುಳ್ಳೆ, 'ಆ' ನಲವತ್ತೊಂದು.

ಫೆಬ್ರವರಿ 16, ಶುಕ್ರವಾರ

ಕಾರ್ಖಾನೆಯಲ್ಲಿ ಪ್ರತಿ ಕೊಪ್ಪರಿಗೆಯಿಂದಲೂ ಒಂದು ಮಾದರಿ ತೆಗೆದು, ತಾರೀಖು ಬರೆದು, ಒಂದು ವರ್ಷ ಕಪಾಟಿನಲ್ಲಿಡುವ ನಿಯಮ. ನಾಳೆ ಯಾರಾದರೂ ತಕರಾರು ತೆಗೆದರೆ ತೋರಿಸಲು. ಹೋಟೆಲುಗಳ ಮೇಜಿನ ಮೇಲಿಡುವ ಪುಟಾಣಿ ಜಾಮ್ ಬಾಟಲಿಗಳು ನನ್ನ ಹತ್ತಿರ ಒಂದು ಡಬ್ಬಿ ತುಂಬ ಇವೆ. ಅಕ್ಕ ಅನುಭವಸ್ಥರು, ಒಪ್ಪಿದೆ, ಆದರೆ ಅವರಿಗೆ ಪದ್ಧತಿ ಎನ್ನುವುದಿಲ್ಲ. ಇವತ್ತಿನಿಂದ 'ಅ' ಜಾಡಿಯ ಬಿರಡೆ ತೆಗೆದು ದಿನಕ್ಕೊಂದು ಮಾದರಿ. 'ಆ' ಹೋಲಿಕೆಗೆ ಇರಲಿ, ಮುಟ್ಟುವುದಿಲ್ಲ.

ಮಾರ್ಚ್ 3, ಭಾನುವಾರ

ಇವತ್ತು ಸುತ್ತುಬಳಸಿ ಕೇಳಿದೆ. ಮಗಳ ಹಳೆಯ ಚಪ್ಪಲಿ ಕಾಲಿಗೆ ಬಿಗಿಯಾಗುತ್ತದಾ ಎಂದೆ. ಕಾಲು ಬಾತಿದೆಯೇ ಎಂದು ತಿಳಿಯಬೇಕಿತ್ತು. "ಚಪ್ಪಲಿನಾ?" ಎಂದಳು ಹೆಂಡತಿ. ಹಿಂದಿನಿಂದ ಮಗಳ ದನಿ ಕೇಳಿಸಿತು: "ಏನಂತೆ ಅಮ್ಮ? ಮತ್ತೆ ಶುರುವಾಯ್ತಾ?" ಆಮೇಲೆ ಬಾಗಿಲು ಹಾಕಿಕೊಂಡ ಸದ್ದು.

"ನೋಡಿದ್ರಾ," ಎಂದಳು ಹೆಂಡತಿ. "ಈಗ ನನ್ನ ಮೇಲೂ ಸಿಟ್ಟು."

ಚಪ್ಪಲಿ ಕೇಳುವುದೂ ತಪ್ಪೇ? ನಾಲ್ಕು ತಿಂಗಳ ನಂತರ ಮಗಳ ದನಿ ಕೇಳಿದೆ. ಸ್ವಲ್ಪ ಏದುಸಿರಿತ್ತು. ಎಷ್ಟು ಏದುಸಿರು, ಯಾವ ಏದುಸಿರು ಎಂದು ಯಾರನ್ನು ಕೇಳಲಿ?

ಮಾದರಿ ಹದಿನೇಳು: ಬಣ್ಣ ಚೆನ್ನಾಗಿದೆ.

ಮಾರ್ಚ್ 17, ಭಾನುವಾರ

'ಅ' ಜಾಡಿಯ ಮೇಲ್ಗಡೆ ಬಿಳಿಯ ತೆಳು ಕೆನೆ ಕಟ್ಟಿದೆ. ಮೂಗಿಗೆ ಚುರುಕ್ಕೆನ್ನುತ್ತದೆ. ನನ್ನ ಮೂಗು ಸುಳ್ಳು ಹೇಳುವುದಿಲ್ಲ. ಅಕ್ಕನ ಮನೆಗೆ ಹೋದರೆ ಬೀಗ. ಹೆಂಡತಿಯ ಫೋನ್ ಬಂತು. "ಚೆನ್ನಾಗಿದೀವಿ." ನಾನೂ ಚೆನ್ನಾಗಿದ್ದೇನೆ ಎಂದೆ.

ಮಾರ್ಚ್ 18, ಸೋಮವಾರ

ಅಕ್ಕ ಬಂದರು. ಜಾಡಿಯನ್ನು ನೋಡುವ ಮೊದಲೇ ಕಪಾಟನ್ನು ನೋಡಿದರು. ಮೂವತ್ತೊಂದು ಪುಟಾಣಿ ಬಾಟಲಿ, ಸಾಲಾಗಿ, ತಾರೀಖಿನ ಪ್ರಕಾರ. ಆಮೇಲೆ ಕುರ್ಚಿಯ ಮೇಲೆ ಕೂತು ನಗುವುದಕ್ಕೆ ಶುರುಮಾಡಿದರು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಅವಮಾನವಾಯಿತು.

"ದಿನಾ ಬಿರಡೆ ತೆಗೆದ್ರಾ?"

"ಒಂದೇ ಸಲ. ಚೊಕ್ಕವಾದ ಚಮಚದಲ್ಲಿ."

"ಚಮಚ ಚೊಕ್ಕ ಇದ್ರೆ ಗಾಳಿ ಬರಲ್ವಾ? ಮೂರನೇ ಒಂದು ಭಾಗ ಖಾಲಿ ಮಾಡಿದೀರಲ್ಲ, ಆ ಜಾಗದಲ್ಲಿ ಏನು ತುಂಬಿರುತ್ತೆ? ಗಾಳಿ. ಗಾಳಿ ಸೇರಿದ್ರೆ ವಿನಿಗರ್." ಆಮೇಲೆ ನಗು ನಿಲ್ಲಿಸಿ ಕೇಳಿದರು, "ಸಾಹೇಬ್ರೇ, ಒಂದು ಮಾತು. ಮೂವತ್ತೊಂದು ದಿನ ನೋಡಿದ್ರಲ್ಲ, ನೋಡಿದ್ಮೇಲೆ ಏನು ಮಾಡಿದ್ರಿ?"

"ಬರೆದಿಟ್ಟೆ."

"ಅದರಿಂದ ವೈನಿಗೇನು ಬಂತು?"

ಕೊನೆಯ ಬಾಟಲಿಯನ್ನು ಸಾಲಿಗೆ ಸರಿಯಾಗಿ ಜೋಡಿಸಿದೆ.

ಅವರು ಹೋದಮೇಲೆ ಈ ಪುಸ್ತಕ ತೆಗೆದೆ. ಇಲ್ಲಿ ಇದುವರೆಗೆ ಬರೆಯದಿದ್ದ ಒಂದು ಮಾತಿದೆ. ಕಳೆದ ವರ್ಷ ಮಗಳು ಆಸ್ಪತ್ರೆಯಿಂದ ಬಂದಮೇಲೆ ನಾನು ನೋಡಲು ಹೋಗಿದ್ದೆ. ಅವಳು ಅಳಲಿಲ್ಲ. "ನನ್ನ ಮಗು ಹೋಗಿದ್ದು ನನಗಿಂತ ಮೊದಲು ಅತ್ತೆಗೆ ಗೊತ್ತಾಯ್ತು ಅಪ್ಪ," ಎಂದಳು. ನಾನು ತಂಗಿಯ ಬಾಯಿಯನ್ನು ಬೈಯಲು ಶುರುಮಾಡಿದೆ. ಅವಳು ಎದ್ದು ಒಳಗೆ ಹೋದಳು.

ಅವಳು ಹೇಳಿದ್ದು ತಂಗಿಯ ವಿಷಯವಲ್ಲ.

ಮಾರ್ಚ್ 19, ಮಂಗಳವಾರ

'ಅ' ವಿನಿಗರ್ ಆಗಲಿ ಎಂದು ಬಿಟ್ಟೆವು. 'ಆ' ಕೆಡದೆ ಉಳಿದಿದೆ. ಗುಳ್ಳೆ ನಿಂತಿದೆ, ತಳದಲ್ಲಿ ಗಸಿ ಕೂತಿದೆ. ಗಸಿಯ ಮೇಲೆ ಬಹಳ ದಿನ ಬಿಟ್ಟರೆ ಕೆಟ್ಟ ವಾಸನೆ ಹಿಡಿಯುತ್ತದಂತೆ. ಜಾಡಿಯನ್ನು ಮೇಜಿನ ಮೇಲಿಟ್ಟು, ಚೊಕ್ಕ ಮಾಡಿದ ಇನ್ನೊಂದು ಜಾಡಿಯನ್ನು ನೆಲದ ಮೇಲಿಟ್ಟು, ರಬ್ಬರ್ ನಳಿಕೆಯಿಂದ ತಿಳಿಯನ್ನು ಮಾತ್ರ ಇಳಿಸಿದೆವು. ನಳಿಕೆಯ ತುದಿ ಗಸಿಗೆ ತಾಗಬಾರದು, ಕೆಳಗಿನ ತುದಿ ರಸದಲ್ಲಿ ಮುಳುಗಿರಬೇಕು, ಸುರಿದು ನೊರೆಯೇಳಿಸಬಾರದು. ಕುತ್ತಿಗೆಯಲ್ಲಿ ಉಳಿದ ಖಾಲಿ ಜಾಗವನ್ನು ಅಕ್ಕ ತಮ್ಮ ಮನೆಯ ಹಳೇ ವೈನಿನಿಂದ ತುಂಬಿದರು. ಮಂಚದ ಕೆಳಗೆ, ಕತ್ತಲಲ್ಲಿ ಇಟ್ಟಾಯಿತು. ಮೇ ಕೊನೆಯವರೆಗೆ ಹೀಗೇ.

ಮಾದರಿ ಬಾಟಲಿಗಳನ್ನು ತೊಳೆದು ಡಬ್ಬಿಗೆ ಹಾಕಿದೆ.

ಮಾರ್ಚ್ 31, ಭಾನುವಾರ

ಹೆಂಡತಿ ಫೋನ್ ಮಾಡಿದಳು. ಬಿಸಿಲಿನ ಮಾತಾಡಿದೆವು. ಇಲ್ಲೂ ಜಾಸ್ತಿ ಎಂದೆ. ಎಂಟು ನಿಮಿಷ.

ಏಪ್ರಿಲ್ 14, ಭಾನುವಾರ

ಆರಕ್ಕೆ ಬರಬೇಕಾದ ಫೋನ್ ಬರಲಿಲ್ಲ. ಆರೂವರೆಗೂ ಇಲ್ಲ. ಏಳಕ್ಕೆ ಚೀಲಕ್ಕೆ ಎರಡು ಜೊತೆ ಬಟ್ಟೆ ತುರುಕಿ ಬಸ್ ನಿಲ್ದಾಣಕ್ಕೆ ಹೋದೆ. ಏಳೂಮುಕ್ಕಾಲಿನ ಬಸ್ಸು ನಿಂತಿತ್ತು, ಕಿಟಕಿ ಪಕ್ಕದ ಸೀಟೂ ಖಾಲಿಯಿತ್ತು. ಹತ್ತಿ ಕೂತೆ. ಅವಳ ಡಾಕ್ಟರರ ನಂಬರ್ ನನ್ನ ಫೋನಿನಲ್ಲಿ ಕಳೆದ ವರ್ಷದಿಂದ ಇದೆ. ತೆಗೆದು ನೋಡಿದೆ. ಒತ್ತಿದರೆ ಒಂದು ನಿಮಿಷದ ಕೆಲಸ, ಎಲ್ಲ ಗೊತ್ತಾಗಿಬಿಡುತ್ತದೆ.

ಗೊತ್ತಾದಮೇಲೆ ಏನು ಮಾಡುತ್ತೇನೆ?

ಕಂಡಕ್ಟರು ಟಿಕೆಟ್ ಎಂದಾಗ ಇಳಿದುಬಿಟ್ಟೆ. ಅವರು ಏನೋ ಗೊಣಗಿದರು. ಮನೆಗೆ ನಡೆದುಕೊಂಡೇ ಬಂದೆ. ತುಂಬಾ ಹೆದರಿಕೆಯಾಗಿದೆ. ಇದನ್ನು ಹೇಳಿಕೊಳ್ಳಲು ಕೂಡ ಯಾರಿಗೂ ಫೋನ್ ಮಾಡಿಲ್ಲ.

ಏಪ್ರಿಲ್ 15, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಹೆಂಡತಿ. ದನಿ ಬತ್ತಿಹೋಗಿತ್ತು. "ಎರಡು ದಿನ ಆಸ್ಪತ್ರೇಲಿದ್ವಿ. ಈಗ ಮನೆಗೆ ಬಂದಿದೀವಿ. ಇಷ್ಟೇ ಹೇಳು ಅಂದಿದಾಳೆ."

ನಾಲಿಗೆಯ ತುದಿಯಲ್ಲಿ ಹತ್ತು ಪ್ರಶ್ನೆ. "ನೀನು ಏನಾದ್ರೂ ತಿಂದ್ಯಾ?" ಎಂದೆ.

ಅವಳು ಫೋನಿನಲ್ಲೇ ಅತ್ತಳು. ಅವಳು ಅಳು ಮುಗಿಸುವವರೆಗೆ ಫೋನ್ ಹಿಡಿದುಕೊಂಡಿದ್ದೆ.

ಏಪ್ರಿಲ್ 16, ಮಂಗಳವಾರ

ಮಂಚದ ಕೆಳಗೆ ಗುಡಿಸಿದೆ. ಜಾಡಿಯನ್ನು ಸರಿಸದೆ ಸುತ್ತಲೂ ಗುಡಿಸಿದೆ.

ಮೇ 9, ಗುರುವಾರ

ಹನ್ನೊಂದು ಗಂಟೆಗೆ ಅಂಚೆಯವನು ಬಂದ. ಮಗಳ ಹೆಸರಿಗೆ ಲಕೋಟೆ. ಅದೇ ಸ್ಕ್ಯಾನಿಂಗ್ ಕೇಂದ್ರ, ಅದೇ ನೀಲಿ ಅಕ್ಷರ, ಅದೇ ಹಳೆಯ ವಿಳಾಸ. ಈ ಜನಕ್ಕೆ ಪುಸ್ತಕದಲ್ಲಿ ಒಂದು ಸಾಲು ತಿದ್ದಲು ಏನು ಧಾಡಿ?

ಊಟದ ಮೇಜಿನ ಮೇಲಿಟ್ಟೆ. ಆಮೇಲೆ ಕಿಟಕಿಯ ಹತ್ತಿರ ಇಟ್ಟೆ. ಬೆಳಕಿಗೆ ಹಿಡಿದರೆ ಒಳಗಿನದು ಒಂದೇ ಹಾಳೆ ಎಂದು ಗೊತ್ತಾಗುತ್ತದೆ. ಒಂದೇ ಹಾಳೆ ಎಂದರೆ ಒಳ್ಳೆಯದೋ ಕೆಟ್ಟದ್ದೋ? ಕಳೆದ ಸಲವೂ ಒಂದೇ ಹಾಳೆ. ಬೆಳಕಿಗೆ ಹಿಡಿದದ್ದು ಒಡೆದ ಲೆಕ್ಕಕ್ಕೆ ಬರುತ್ತದೆಯೇ? ಬರುತ್ತದೆ ಎಂದೇ ತೋರುತ್ತದೆ. ಬೀರುವಿನೊಳಗೆ ಬಟ್ಟೆಯ ಕೆಳಗೆ ಇಟ್ಟೆ.

ಆವಿ ಹಿಡಿದು ಅಂಟು ಬಿಡಿಸಿ ಮತ್ತೆ ಅಂಟಿಸುವುದು ನನಗೆ ಐದು ನಿಮಿಷದ ಕೆಲಸ. ಕಾರ್ಖಾನೆಯಲ್ಲಿ ಲೇಬಲ್ ಬಿಡಿಸುತ್ತಿದ್ದುದು ಹಾಗೆಯೇ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನೀರು ಕಾಯಲು ಇಟ್ಟದ್ದು ನಿಜ. ಆ ನೀರಿನಲ್ಲಿ ಟೀ ಮಾಡಿಕೊಂಡು ಕುಡಿದೆ.

ಅಂಗಡಿಗೆ ಹೋಗಿ ಅಕ್ಕನಿಗೆ ಹೇಳಿದೆ. "ಇಲ್ಲಿ ತಂದುಕೊಡಿ, ನಾನಿಟ್ಕೊಂಡಿರ್ತೀನಿ," ಎಂದರು. ಬೇಡ ಎಂದೆ. ಯಾಕೆ ಬೇಡ ಎಂದೆನೋ ಗೊತ್ತಿಲ್ಲ.

ಮೇ 10, ಶುಕ್ರವಾರ

ಅಂಚೆ ಕಚೇರಿ ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಕಾರ್ಖಾನೆಯ ಪದ್ಧತಿಯಂತೆ ಲಕೋಟೆಯ ಅಂಟಿದ ಜಾಗದ ಮೇಲೆ ರುಜು ಹಾಕಿ, ತಾರೀಖು ಬರೆದು, 'ತೆರೆದಿಲ್ಲ' ಎಂದು ಬರೆಯೋಣ ಎಂದುಕೊಂಡು ಪೆನ್ನು ತೆಗೆದೆ. ಬರೆದರೆ ಅವಳಿಗೆ ಮೊದಲು ಕಾಣುವುದು ನನ್ನ ಅಕ್ಷರ. ಅವಳ ಕಾಗದ ಅವಳಿಗೆ ಸೇರುವಾಗ ನಡುವೆ ನಾನು ಎದೆಯುಬ್ಬಿಸಿ ನಿಂತಂತಾಗುತ್ತದೆ. ಪೆನ್ನು ಮುಚ್ಚಿದೆ. ಇನ್ನೊಂದು ದೊಡ್ಡ ಲಕೋಟೆಯೊಳಗೆ ಹಾಕಿ, ಅವಳ ಈಗಿನ ವಿಳಾಸ ಬರೆದು, ರಿಜಿಸ್ಟರ್ ಮಾಡಿ ಕಳಿಸಿದೆ. ಒಳಗೆ ಚೀಟಿ ಗೀಟಿ ಏನೂ ಇಟ್ಟಿಲ್ಲ.

ಬರುವಾಗ ಬ್ರೆಡ್ಡು, ಈರುಳ್ಳಿ ತಂದೆ.

ಮೇ 12, ಭಾನುವಾರ

ಹೆಂಡತಿ ಲಕೋಟೆಯ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ರಿಜಿಸ್ಟರಿನ ರಸೀದಿಯನ್ನು ಮತ್ತೊಮ್ಮೆ ನೋಡಿ ಬೀರುವಿನಲ್ಲಿಟ್ಟೆ.

ಮೇ 15, ಬುಧವಾರ

ಮಧ್ಯಾಹ್ನ ಎರಡಕ್ಕೆ ಫೋನ್. ಮಗಳು. ಅವಳ ನಂಬರಿನಿಂದ, ಅವಳೇ.

"ಅಪ್ಪ, ಕವರ್ ಬಂತು."

"ಹೂಂ."

"ತೆಗೀಲಿಲ್ವಾ?"

"ಇಲ್ಲ."

ಫ್ಯಾನಿನ ಸದ್ದು ಕೇಳುತ್ತಿತ್ತು, ಅವಳದೋ ನನ್ನದೋ.

"ಏನಿತ್ತು ಗೊತ್ತಾ ಅದರಲ್ಲಿ? ಅವರು ಪಕ್ಕದ ಕಟ್ಟಡಕ್ಕೆ ಹೋಗಿದಾರಂತೆ. ಲಿಫ್ಟ್ ಇದೆಯಂತೆ. ಅಷ್ಟೇ."

"ಲಿಫ್ಟಾ?"

"ಲಿಫ್ಟು."

ಅವಳಿಗೆ ನಗು ಬಂತು. ನನಗೂ ಬಂತು, ಆಮೇಲೆ ನನ್ನದು ನಗುವಾಗಿ ಉಳಿಯಲಿಲ್ಲ. ಹೇಗೋ ಸಾವರಿಸಿಕೊಂಡು ಹೇಳಿದೆ, "ಹೋದ ವರ್ಷ ನಾನು ಒಡೀಬಾರದಾಗಿತ್ತು ಮಗಳೇ. ನಿನ್ನ ಅತ್ತೇದಲ್ಲ, ತಪ್ಪು ನಂದೇ."

"ಹೂಂ," ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಆಮೇಲೆ, "ಅಮ್ಮ ಹೇಳಿದ್ಲು, ಏನೋ ವೈನ್ ಮಾಡ್ತಿದೀರಂತೆ," ಎಂದಳು. ಜಾಡಿ ಅ, ಜಾಡಿ ಆ, ಮೂವತ್ತೊಂದು ಮಾದರಿ ಎಲ್ಲ ಹೇಳಿದೆ. "ಅಯ್ಯೋ ಅಪ್ಪ, ನಿಮ್ಮ ಕಥೆಯೇ!" ಎಂದು ಮತ್ತೆ ನಕ್ಕಳು. ಇಪ್ಪತ್ತೆರಡು ನಿಮಿಷ ಮಾತಾಡಿದ್ದೇವೆ, ಹೆಚ್ಚಾಗಿ ವಿನಿಗರ್ ಬಗ್ಗೆ. ಬರಲು ಹೇಳಲಿಲ್ಲ.

ಜೂನ್ 1, ಶನಿವಾರ

ಬಾಟಲಿಗೆ ತುಂಬುವ ದಿನ. ಆರು ಬಾಟಲಿ ಕುದಿಸಿ ಬೋರಲು ಹಾಕಿದೆ. ಗುಳ್ಳೆ ಪೂರ್ತಿ ನಿಂತಿರಬೇಕು, ಇಲ್ಲದಿದ್ದರೆ ಮುಚ್ಚಿದ ಬಾಟಲಿ ಸಿಡಿದು ಗೋಡೆಯೆಲ್ಲ ಕೆಂಪಾಗುತ್ತದೆ. ಅಕ್ಕನ ಮನೆಯಲ್ಲಿ ಒಮ್ಮೆ ಹಾಗಾಗಿತ್ತಂತೆ. ತೇಲುವ ಕಡ್ಡಿಯನ್ನು ಎರಡು ದಿನಕ್ಕೊಮ್ಮೆ ಇಳಿಬಿಟ್ಟು ನೋಡಿ, ಅಂಕಿ ಬದಲಾಗದಿದ್ದರೆ ತುಂಬಬಹುದು. ಬದಲಾಗಿಲ್ಲ. ಬಿರಡೆಯ ಕೆಳಗೆ ಎರಡು ಬೆರಳಷ್ಟು ಜಾಗ ಮಾತ್ರ ಬಿಡಬೇಕು. ತೇವವಾದ ಬಿರಡೆ ಸುಲಭವಾಗಿ ಇಳಿಯುತ್ತದೆ. ಮಲಗಿಸಿ ಇಡಬೇಕು, ಬಿರಡೆ ಒಣಗಬಾರದು.

"ರುಚಿ ನೋಡಲ್ವಾ? ಈಗ ನೋಡಬಹುದು, ನೋಡಲೇಬೇಕು," ಎಂದರು ಅಕ್ಕ. ಅರ್ಧ ಲೋಟ ಹಂಚಿಕೊಂಡೆವು. ಸ್ವಲ್ಪ ಒರಟು, ಆದರೆ ಒಳ್ಳೆಯ ಒರಟು. ಆರು ತಿಂಗಳಿಟ್ಟರೆ ಮೆತ್ತಗಾಗುತ್ತದಂತೆ. ಆರು ಬಾಟಲಿ ತುಂಬಿ ಸ್ವಲ್ಪ ಉಳಿಯಿತು, ಅದನ್ನು ಅವರೇ ತೆಗೆದುಕೊಂಡು ಹೋದರು. ವಿನಿಗರ್ ಕೂಡ ಕೇಳಿದರು. ಅದೂ ಚೆನ್ನಾಗಿದೆಯಂತೆ.

ಜೂನ್ 9, ಭಾನುವಾರ

ಇನ್ನೂ ಇಲ್ಲ. ಹೆಂಡತಿ ತಾನಾಗಿಯೇ ಹೇಳಿದಳು: ಯಾವಾಗ ಬೇಕಾದರೂ ಆಗಬಹುದು. ಸರಿ ಎಂದೆ. ಕುಳಿತಲ್ಲಿ ಕೂರಲಾಗುತ್ತಿಲ್ಲ. ಮನೆಯ ಎಲ್ಲ ಕಿಟಕಿ ಗಾಜು ಒರೆಸಿದೆ.

ಜೂನ್ 11, ಮಂಗಳವಾರ

ಮಧ್ಯಾಹ್ನ ಮೂರೂಕಾಲಿಗೆ ಮಗಳ ನಂಬರಿನಿಂದ ಫೋನ್ ಬಂತು. ಅಳಿಯನೋ ಹೆಂಡತಿಯೋ ಮಾಡಿರುತ್ತಾರೆ ಎಂದುಕೊಂಡೆ. ಅವಳೇ.

"ಅಪ್ಪ."

ದನಿಯಲ್ಲಿ ಶಕ್ತಿಯೇ ಇರಲಿಲ್ಲ.

"ಅಪ್ಪ, ಹುಟ್ಟಿತು. ಚೆನ್ನಾಗಿದೆ. ಇಲ್ಲೇ ಇದೆ, ನನ್ನ ಪಕ್ಕದಲ್ಲೇ. ಕೇಳಿಸ್ಕೊಳ್ಳಿ."

ಫೋನನ್ನು ಅದರ ಹತ್ತಿರ ಹಿಡಿದಳು. ಏನು ಅಳು! ಗಂಟಲು ಹರಿದುಹೋಗುವ ಹಾಗೆ, ಇಡೀ ಆಸ್ಪತ್ರೆ ತನ್ನದೇ ಎನ್ನುವ ಹಾಗೆ. ನಾನು ನಡುಮನೆಯಲ್ಲಿ ನಿಂತುಕೊಂಡು ಕೇಳಿದೆ. ಎಷ್ಟು ಹೊತ್ತು ಕೇಳಿದೆನೋ, ಗಡಿಯಾರ ನೋಡಲಿಲ್ಲ. ನಾನೂ ಅಳುತ್ತಿದ್ದೆ, ಅದು ಅವಳಿಗೆ ಕೇಳಿಸಿರಬೇಕು.

"ಅಪ್ಪ, ಇದೀರಾ?"

"ಇದೀನಿ. ನೀನು ಹೇಗಿದೀಯಮ್ಮಾ?"

"ಸುಸ್ತಾಗಿದೆ. ನಿದ್ದೆ ಬರ್ತಿದೆ." ಆಮೇಲೆ, "ನಾಳೆ ಬೆಳಿಗ್ಗೆ ಬಸ್ಸಿಗೆ ಬಂದುಬಿಡಿ," ಎಂದಳು.

"ಬರ್ತೀನಿ. ಮಲಗು ನೀನು."

ಫೋನ್ ಇಟ್ಟು ಓಡುನಡಿಗೆಯಲ್ಲೇ ಕನ್ನಡಕದ ಅಂಗಡಿಗೆ ಹೋದೆ. ಅಕ್ಕ ಯಾರಿಗೋ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಅವರನ್ನು ಹಾಗೇ ಕೂರಿಸಿ ಎದ್ದುಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಗಂಡೋ ಹೆಣ್ಣೋ?"

ನಾನು ಬಾಯಿ ತೆರೆದೆ. ಗೊತ್ತಿರಲಿಲ್ಲ.

"ತೂಕ ಎಷ್ಟಂತೆ?"

ಅದೂ ಗೊತ್ತಿರಲಿಲ್ಲ.

"ಕೇಳಲಿಲ್ವಾ? ನೀವಾ?" ಎಂದರು. ಕಣ್ಣು ತೋರಿಸಲು ಬಂದಿದ್ದವರೂ ಒಂದು ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದರು.

"ನಾಳೆ ಹೋಗ್ತಿದೀನಲ್ಲ ಅಕ್ಕ, ಅವಳೇ ಹೇಳ್ತಾಳೆ," ಎಂದೆ.

ಚೀಲಕ್ಕೆ ಬಟ್ಟೆ ತುಂಬಿದ್ದೇನೆ. ಮೊದಲ ಬಸ್ಸು ಆರೂವರೆಗೆ.